ಯಾರ ಕೈಗೆಟುಕುವ ಮನೆ?

ಹೊಸ ಫ್ಲಾಟಿಗೆ ಇಂಟೀರಿಯರ್ ಮಾಡಿಕೊಡುವವರ ಮಾತಿನಲ್ಲಿ ಈಚೆಗೆ ಮನಶ್ಶಾಸ್ತ್ರವೂ ಸೇರಿಕೊಂಡಿದೆ. ಕಿಟಕಿ ಪಕ್ಕ ಒಂದು ಒರಗುಕುರ್ಚಿ, ಅದರ ಮೇಲೊಂದು ಹಳದಿ ದೀಪ ಹಾಕಿಸಿದರೆ ನೀವು ಓದತೊಡಗುತ್ತೀರಿ. ಬಾಲ್ಕನಿಗೆ ಮರದ ಹಲಗೆ ಹೊದಿಸಿ ಚಾಪೆ ಹಾಸಿದರೆ ಯೋಗ ತಾನಾಗಿ ರೂಢಿಯಾಗುತ್ತದೆ. ಗುರಿ ಏನೆಂದು ಹೇಳಿ, ಉಳಿದದ್ದನ್ನು ಮನೆಯೇ ಮಾಡಿಸುತ್ತದೆ ಎಂಬ ಧಾಟಿ. ಡಿಸೈನ್ ಓದಿ ಬಂದವರಾದರೆ ಇದಕ್ಕೆ ‘ಅಫರ್ಡೆನ್ಸ್’ ಎಂಬ ಹೆಸರನ್ನೂ ಹಚ್ಚುತ್ತಾರೆ. ಈ ಪರಿಕಲ್ಪನೆಯನ್ನು ಕೊಟ್ಟ ಜೇಮ್ಸ್ ಗಿಬ್ಸನ್ ಹೇಳಿದ್ದು ಹೆಚ್ಚುಕಡಿಮೆ ಇದರ ಉಲ್ಟಾ. ಅವನ ಪರವಾಗಿ ನಾಲ್ಕು ಮಾತು ಹೇಳಬೇಕೆನಿಸಿದ್ದು ಅದಕ್ಕೇ. ಅಫರ್ಡೆನ್ಸನ್ನು ಇಲ್ಲಿ ‘ಆಸ್ಪದ’ ಎನ್ನುತ್ತೇನೆ.

ಗಿಬ್ಸನ್ (1904–1979) ಅಮೆರಿಕದ ಮನಶ್ಶಾಸ್ತ್ರಜ್ಞ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಲ್ಲಿನ ವಾಯುಪಡೆಗಾಗಿ ಪೈಲಟ್‌ಗಳ ನೋಟವನ್ನು ಅಧ್ಯಯನ ಮಾಡಿದವನು. ಕಣ್ಣಿಗೆ ಬೀಳುವುದು ಬರೀ ಬಣ್ಣ ಮತ್ತು ಆಕಾರ, ಅರ್ಥವನ್ನು ಮನಸ್ಸು ಆಮೇಲೆ ಕೂಡಿಸಿಕೊಳ್ಳುತ್ತದೆ ಎಂಬ ಪಾಠ ಅವನಿಗೆ ಒಗ್ಗಲಿಲ್ಲ. ನೆಲ ನಡೆಯಲು ಬರುತ್ತದೆ, ಕಟ್ಟೆ ಕೂರಲು ಬರುತ್ತದೆ, ಕಮರಿ ಬೀಳಿಸುತ್ತದೆ ಎಂಬುದನ್ನು ನಾವು ನೇರವಾಗಿಯೇ ಕಾಣುತ್ತೇವೆ ಎಂದು ಅವನ ವಾದ. 1979ರಲ್ಲಿ, ಅವನು ತೀರಿಕೊಂಡ ವರ್ಷವೇ ಬಂದ ಕೊನೆಯ ಪುಸ್ತಕದಲ್ಲಿ ಇದನ್ನು ಪೂರ್ತಿಯಾಗಿ ಬಿಡಿಸಿಟ್ಟ. ಗಟ್ಟಿಯಾದ, ಸಮತಟ್ಟಾದ, ಮೊಣಕಾಲಿನ ಎತ್ತರದ ಯಾವ ಹರವೂ ಕೂರಲು ಆಸ್ಪದ ಕೊಡುತ್ತದೆ. ಆದರೆ ಯಾರ ಮೊಣಕಾಲು? ದೊಡ್ಡವರು ಕೂರುವ ಜಗಲಿ ಎರಡು ವರ್ಷದ ಮಗುವಿಗೆ ಹತ್ತಬೇಕಾದ ಗೋಡೆ. ಹಾಗಾಗಿ ಆಸ್ಪದ ಕಲ್ಲಿನೊಳಗೆ ಅಡಗಿ ಕೂತ ಗುಣವಲ್ಲ. ನೋಡುವವನ ಕಲ್ಪನೆಯೂ ಅಲ್ಲ. ಅದು ಈ ಕಲ್ಲಿಗೂ ಈ ಮೈಗೂ ಇರುವ ಸಂಬಂಧ.

ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸುತ್ತಾರೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ.

ಗಿಬ್ಸನ್‌ಗಿಂತ ಹಿಂದೆ ಕುರ್ಟ್ ಕೊಫ್ಕಾ ಎಂಬ, ಮನಶ್ಶಾಸ್ತ್ರದ ಗೆಸ್ಟಾಲ್ಟ್ ಪಂಥದ ವಿದ್ವಾಂಸನಿದ್ದ. ವಸ್ತುಗಳು ನಮ್ಮನ್ನು ಕರೆಯುತ್ತವೆ, ಆದರೆ ನಮಗೆ ಬೇಕಾದಾಗ ಮಾತ್ರ ಎಂಬುದು ಅವನ ನಿಲುವು. ಅವನ ಉದಾಹರಣೆ ಅಂಚೆ ಡಬ್ಬಿ: ಕೈಯಲ್ಲಿ ಕಾಗದವಿದ್ದಾಗ ಅದು ‘ಬಾ’ ಎನ್ನುತ್ತದೆ, ಕಾಗದ ಹಾಕಿಯಾದ ಮೇಲೆ ಸುಮ್ಮನಾಗುತ್ತದೆ. ಗಿಬ್ಸನ್ ಈ ಡಬ್ಬಿಯನ್ನೇ ಎತ್ತಿಕೊಂಡು ಜಗಳ ತೆಗೆದ. ಅಂಚೆ ವ್ಯವಸ್ಥೆ ಇರುವ ಊರಿನಲ್ಲಿ, ಕಾಗದ ಬರೆಯಬಲ್ಲ ಮನುಷ್ಯನಿಗೆ, ಆ ಡಬ್ಬಿ ಕಾಗದ ಹಾಕಲು ಸದಾ ಆಸ್ಪದ ಕೊಡುತ್ತಲೇ ಇರುತ್ತದೆ. ನಿನ್ನ ಕೈ ಖಾಲಿ ಇದ್ದರೂ, ನಿನಗೆ ಬರೆಯುವ ಮನಸ್ಸಿಲ್ಲದಿದ್ದರೂ. ನಿನ್ನ ಬಯಕೆ ಏರಿಳಿದಂತೆ ಆಸ್ಪದ ಏರಿಳಿಯುವುದಿಲ್ಲ.

ಕೂದಲು ಸೀಳುವ ಮಾತಿನಂತೆ ಕೇಳಿಸಬಹುದು, ಆದರೆ ಇಡೀ ವಿಷಯ ನಿಂತಿರುವುದು ಈ ಭೇದದ ಮೇಲೆ. ಆಸ್ಪದ ಬೇರೆ, ಕರೆ ಬೇರೆ, ಅಪ್ಪಣೆ ಬೇರೆ. ಕಿಟಕಿ ಪಕ್ಕದ ಕುರ್ಚಿ ಓದಲು ಆಸ್ಪದ ಕೊಡುತ್ತದೆ, ನಿಜ. ಅದೇ ಕುರ್ಚಿ ತೂಕಡಿಸಲು, ಮೊಬೈಲು ತಿಕ್ಕಲು, ಮಡಚದ ಬಟ್ಟೆ ಗುಡ್ಡೆ ಹಾಕಲು ಕೂಡ ಅಷ್ಟೇ ಉದಾರವಾಗಿ ಆಸ್ಪದ ಕೊಡುತ್ತದೆ. ವಸ್ತುವಿಗೆ ಪಕ್ಷಪಾತ ಇಲ್ಲ. ಹೊಸ ವರ್ಷದ ಹುರುಪಿನಲ್ಲಿ ಕೊಂಡ ಟ್ರೆಡ್‌ಮಿಲ್ ಯುಗಾದಿಯ ಹೊತ್ತಿಗೆ ಟವೆಲ್ ಒಣಗಿಸುವ ಗಳುವಾಗುವುದನ್ನು ನೋಡಿ ನಗುತ್ತೇವಲ್ಲ, ಗಿಬ್ಸನ್ ನಗುತ್ತಿರಲಿಲ್ಲ. ಎದೆಯೆತ್ತರದಲ್ಲಿ ಅಡ್ಡ ಸರಳು, ಅಲುಗಾಡದ ತಳ, ಫ್ಯಾನಿನ ಕೆಳಗೆ ಜಾಗ: ಬಟ್ಟೆ ಒಣಹಾಕಲು ಇದಕ್ಕಿಂತ ಬೇಕೆ? ಅಲ್ಲಿ ಸೋತದ್ದು ಯಜಮಾನರ ಮನೋಬಲವೋ ಅಲ್ಲವೋ, ಯಂತ್ರವಂತೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಒಂದು ರಿಯಾಯಿತಿ ಕೊಡಬೇಕು. ಮನೆಗೆ ಗುರಿ ಮುಟ್ಟಿಸಲು ಬಾರದಿದ್ದರೂ ಆಸ್ಪದವನ್ನು ಕಿತ್ತುಹಾಕಲು ಬರುತ್ತದೆ. ಹಾಸಿಗೆಯ ತಲೆದೆಸೆಯಲ್ಲಿ ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ಫೋನು ಹಾಲ್‌ನಲ್ಲಿ ಚಾರ್ಜಾಗುತ್ತದೆ, ಮಲಗಿದಲ್ಲಿಗೆ ಕೈಗೆಟುಕುವುದಿಲ್ಲ. ಇದು ನಿಜವಾದ ಬದಲಾವಣೆ, ಏಕೆಂದರೆ ಇಲ್ಲಿ ಬದಲಾದದ್ದು ತೋಳಿನ ಉದ್ದಕ್ಕೂ ವಸ್ತುವಿಗೂ ನಡುವಿನ ಅಂತರ. ಆದರೆ ಪಾಯಿಂಟ್ ತೆಗೆಸುವ ಸಲಹೆಗೆ ಯಾರೂ ಬಿಲ್ ಮಾಡಲಾರರು. ಅದಕ್ಕೇ ಇರಬೇಕು, ಬ್ರೋಷರುಗಳಲ್ಲಿ ಅದು ಕಾಣುವುದಿಲ್ಲ.

ಪರಿಕಲ್ಪನೆ ಹೀಗೆ ಹಳಿ ತಪ್ಪಿದ್ದರಲ್ಲಿ ವಿನ್ಯಾಸ ಚಿಂತಕ ಡೊನಾಲ್ಡ್ ನಾರ್ಮನ್‌ನ ಪಾಲೂ ಇದೆ. 1988ರ ಅವನ ಪುಸ್ತಕದಿಂದಲೇ ಇದು ವಿನ್ಯಾಸಕಾರರ ಬಾಯಿಗೆ ಬಂದದ್ದು. ಬಾಗಿಲ ಹಿಡಿ ‘ಎಳೆ’ ಎಂದು ಸೂಚಿಸುವುದನ್ನೂ ಜನ ಅಫರ್ಡೆನ್ಸ್ ಎನ್ನತೊಡಗಿದಾಗ ಗೊಂದಲ ಕಂಡು, ಸೂಚನೆಗೆ ಬೇರೆಯೇ ಹೆಸರು ಕೊಟ್ಟ. ಅಷ್ಟರಲ್ಲಿ ತಡವಾಗಿತ್ತು.

ಆಸ್ಪದ ಮೈಗೆ ಸಂಬಂಧಿಸಿದ್ದು ಎಂಬ ಮಾತನ್ನು ಅಳೆದು ತೋರಿಸಿದವನು ಮನಶ್ಶಾಸ್ತ್ರಜ್ಞ ವಿಲಿಯಂ ವಾರನ್. 1984ರಲ್ಲಿ ಅವನು ಎತ್ತರದವರಿಗೂ ಗಿಡ್ಡವರಿಗೂ ಬೇರೆಬೇರೆ ಎತ್ತರದ ಮೆಟ್ಟಿಲುಗಳ ಚಿತ್ರ ತೋರಿಸಿ, ಕೈ ಊರದೆ ಹತ್ತಬಹುದಾದವು ಯಾವುವು ಎಂದು ಕೇಳಿದ. ಎರಡು ಗುಂಪಿನವರು ಹೇಳಿದ ಗರಿಷ್ಠ ಎತ್ತರ ಬೇರೆ ಬೇರೆ. ಆದರೆ ಅದನ್ನು ಅವರವರ ಕಾಲಿನ ಉದ್ದದಿಂದ ಭಾಗಿಸಿದರೆ ಇಬ್ಬರಿಗೂ ಒಂದೇ ಸಂಖ್ಯೆ, 0.88. ಕಡಿಮೆ ದಣಿವಿನಲ್ಲಿ ಹತ್ತಬಹುದಾದ ಮೆಟ್ಟಿಲು ಕಾಲುದ್ದದ 0.26ರಷ್ಟು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗಳ ಮೆಟ್ಟಿಲಿಗೆ 19 ಸೆಂ.ಮೀ. ತನಕ ಅವಕಾಶ ಕೊಡುತ್ತದೆ. ಗುಣಿಸಿ ನೋಡಿ: 73 ಸೆಂ.ಮೀ. ಕಾಲಿನವರಿಗೆ ಅದು ಹೇಳಿ ಮಾಡಿಸಿದ್ದು, 65 ಸೆಂ.ಮೀ. ಕಾಲಿನವರಿಗೆ 17 ಇರಬೇಕಿತ್ತು. ಒಮ್ಮೆ ಮಹಡಿ ಹತ್ತಿಳಿದಾಗ ಈ ಎರಡು ಸೆಂಟಿಮೀಟರು ಗೊತ್ತಾಗುವುದಿಲ್ಲ. ದಿನವಿಡೀ ಹತ್ತಿಳಿಯುವ ಮೊಣಕಾಲಿಗೆ ಗೊತ್ತಾಗುತ್ತದೆ.

ಈಗ ನನಗೆ ಸೇರದ ಮನುಷ್ಯನ ಮಾತಿಗೆ ಬರುತ್ತೇನೆ. ಮನೆ ಎಂದರೆ ವಾಸಿಸುವ ಯಂತ್ರ ಎಂದು 1923ರಲ್ಲಿ ಸಾರಿದ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ, ಚಂಡೀಗಢದ ಮೂಲಕ ನಮಗೂ ಬಂಧು. ಮನೆಗಳನ್ನು ಮನುಷ್ಯನ ಅಳತೆಗೆ ಕಟ್ಟಬೇಕು ಎಂದು ಅವನೂ ಹೇಳಿದ. ಅದಕ್ಕಾಗಿ ‘ಮಾಡ್ಯುಲರ್’ ಎಂಬ ಅಳತೆಗೋಲನ್ನೇ ಮಾಡಿದ. (ಅಡುಗೆಮನೆಯ ಮಾಡ್ಯುಲರ್ ಬೇರೆ, ಇದು ಬೇರೆ.) ಕೈ ಎತ್ತಿ ನಿಂತ ಒಬ್ಬ ಗಂಡಸು: ತಲೆಯವರೆಗೆ 183 ಸೆಂ.ಮೀ., ಬೆರಳ ತುದಿಗೆ 226. ಮೊದಲು 175 ಎಂದಿದ್ದು ಆಮೇಲೆ ಬೆಳೆದು ಆರಡಿಯಾಯಿತು. ಕಾರಣ? ಲೆಕ್ಕ ಅಡಿ-ಇಂಚಿಗೆ ಚೆನ್ನಾಗಿ ಹೊಂದುತ್ತದೆ; ಜೊತೆಗೆ, ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಸುಂದರ ಪೊಲೀಸರು ಆರಡಿ ಇರುತ್ತಾರಂತೆ! ಇದು ಕುಹಕಿಗಳು ಕಟ್ಟಿದ್ದಲ್ಲ, ಅವನ ಪುಸ್ತಕದಲ್ಲೇ ಇದೆ. ಮಾರ್ಸೇಲ್‌ನಲ್ಲಿ 1952ರಲ್ಲಿ ಮುಗಿದ 337 ಮನೆಗಳ ಸಮುಚ್ಚಯ ಈ ಕಾದಂಬರಿಯ ಪೊಲೀಸನ ಅಳತೆಯದು. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ.; ಆ ಪೊಲೀಸನ ಭುಜದಿಂದ ತುಸುವೇ ಮೇಲೆ.

ಕೈ ಎತ್ತಿ ನಿಂತ ಮನುಷ್ಯ ನಮಗೆ ಹೊಸಬನಲ್ಲ. ಶುಲ್ಬಸೂತ್ರಗಳಲ್ಲಿ ಅಗ್ನಿಚಯನದ ವೇದಿಕೆಯನ್ನು ಅಳೆಯುವ ಮಾನಕ್ಕೆ ‘ಪುರುಷ’ ಎಂದೇ ಹೆಸರು: ಯಜಮಾನ ಎರಡೂ ಕೈ ಮೇಲೆತ್ತಿ ನಿಂತಾಗಿನ ಎತ್ತರ. ಆ ಉದ್ದಕ್ಕೆ ಬಿದಿರು ಕಡಿದು ಅದರಲ್ಲೇ ಇಡೀ ವೇದಿಕೆಯನ್ನು ಅಳೆಯುತ್ತಿದ್ದರು. ಭಂಗಿ ಒಂದೇ, ತತ್ತ್ವ ಪೂರ್ತಿ ಬೇರೆ. ಯಜಮಾನ ಗಿಡ್ಡನಾದರೆ ಇಟ್ಟಿಗೆಯೂ ಚಿಕ್ಕದು. ಯಾರಿಗಾಗಿ ಕಟ್ಟುತ್ತಾರೋ ಅವನದೇ ಅಳತೆ. ಗಿಬ್ಸನ್ ಮೆಚ್ಚುತ್ತಿದ್ದ ಎಂದುಕೊಳ್ಳುತ್ತೇನೆ. ಆದರೆ ಹಿಗ್ಗುವ ಮುನ್ನ ಒಂದು ಸಂಗತಿ ನೆನಪಿರಲಿ, ಯಜ್ಞದಲ್ಲಿ ಪಕ್ಕದಲ್ಲೇ ಕೂರಬೇಕಾದ ಪತ್ನಿಯ ಕೈಯೆತ್ತಿಸಿ ಯಾರೂ ಬಿದಿರು ಕಡಿಯಲಿಲ್ಲ.

ಹೆಂಗಸರಿಗಾಗಿಯೇ ಲೆಕ್ಕ ಹಾಕಿ ಕಟ್ಟಿದ್ದೂ ಉಂಟು. 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕ ವಸತಿಗಳಿಗೆ ರೂಪಿಸಿದ ಅಡುಗೆಮನೆ ಇಂದಿನ ಎಲ್ಲ ಸಿದ್ಧ ಅಡುಗೆಮನೆಗಳ ಮುತ್ತಜ್ಜಿ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಹಿಟ್ಟಿಗೆ ಹುಳು ಹಿಡಿಯದಿರಲೆಂದು ಓಕ್ ಮರದ ಡ್ರಾಯರು, ಧಾನ್ಯ ಸುರಿಯಲು ಮೂತಿಯಿರುವ ಅಲ್ಯೂಮಿನಿಯಂ ಡಬ್ಬಗಳು, ಕೂತು ಹೆಚ್ಚಲು ಸ್ಟೂಲು, ಗೋಡೆಯಿಂದ ಮಡಚಿ ಇಳಿಯುವ ಇಸ್ತ್ರಿ ಹಲಗೆ. ಹೆಜ್ಜೆ ಉಳಿಸಿ ಹೆಣ್ಣಿನ ಹೊತ್ತು ಉಳಿಸಬೇಕೆಂಬ ಆಕೆಯ ಆಸೆ ಪ್ರಾಮಾಣಿಕ. ನಾನು ಆಕೆಯ ಕಡೆಯವನೇ. ಆದರೂ ಆ ಕೋಣೆ ಒಂದು ಆಸ್ಪದವನ್ನು ಸದ್ದಿಲ್ಲದೆ ಅಳಿಸಿತು: ಎರಡನೆಯ ಮನುಷ್ಯನಿಗೆ ಅಲ್ಲಿ ನಿಲ್ಲಲು ಜಾಗವಿಲ್ಲ. ನಮ್ಮ ಹಳೆಯ ಅಡುಗೆಮನೆಗಳಲ್ಲಿ ನೆಲದ ಮೇಲೆ ಈಳಿಗೆಮಣೆ ಇಟ್ಟುಕೊಂಡು ಒಬ್ಬರು ಹೆಚ್ಚುತ್ತಿದ್ದರೆ, ಇನ್ನೊಬ್ಬರು ಕಾಯಿ ತುರಿಯುತ್ತ, ಮತ್ತೊಬ್ಬರು ಸುಮ್ಮನೆ ಹೊಸ್ತಿಲ ಬಳಿ ಕೂತು ಊರ ಸುದ್ದಿ ಹೇಳಬಹುದಿತ್ತು. ಆ ಹೊಗೆ, ಆ ಸೊಂಟನೋವು ಯಾರಿಗೂ ಬೇಡ. ಆದರೆ ಕಟ್ಟೆಯ ಎದುರು ಗೋಡೆಗೆ ಮುಖಮಾಡಿ ಒಬ್ಬರೇ ನಿಂತು ಮಾಡುವ ಅಡುಗೆಯ ಬೇಸರವನ್ನು ಆ ಹೆಣ್ಣಿನ ಮನಸ್ಥಿತಿಯ ಖಾತೆಗೆ ಬರೆಯುವ ಮೊದಲು ಕೋಣೆಯ ಅಗಲ ಕೇಳಬೇಕು.

ಮನೆ ಕ್ಷೇಮವಾಗಿರಬೇಕು ಎನ್ನುವವರು ಗುರಿಯ ಪಟ್ಟಿಯನ್ನು ಬದಿಗಿಟ್ಟು ಮೈಗಳ ಪಟ್ಟಿ ಮಾಡಿದರೆ ಕೆಲಸ ಸುಲಭವಾದೀತು. ಮೈ ಬದಲಾಗುತ್ತಲೂ ಇರುತ್ತದೆ. ವಾರನ್‌ನ ಮೆಟ್ಟಿಲ ಪ್ರಯೋಗವನ್ನು 1992ರಲ್ಲಿ ಬೇರೆ ಸಂಶೋಧಕರು ವಯಸ್ಸಾದವರ ಜೊತೆ ಮಾಡಿದಾಗ, ಕಾಲಿನ ಉದ್ದವೊಂದೇ ಸಾಲದು, ಕೀಲಿನ ಬಾಗು ಮತ್ತು ಕಾಲಿನ ಬಲವೂ ಲೆಕ್ಕಕ್ಕೆ ಬೇಕು ಎಂದು ಕಂಡಿತು. ಎಂದರೆ ಬಚ್ಚಲ ಅದೇ ಹೊಸ್ತಿಲು, ಒಂದು ಇಂಚೂ ಬೆಳೆಯದೆ, ಅಪ್ಪನಿಗೆ ಎಪ್ಪತ್ತಾಗುವಷ್ಟರಲ್ಲಿ ಎತ್ತರವಾಗಿರುತ್ತದೆ.

ಹಾಗೆಯೇ ಅಡುಗೆಕಟ್ಟೆ. ಬೆಂಗಳೂರಿನ ಫ್ಲಾಟುಗಳಲ್ಲಿ ಅದು ಸಾಮಾನ್ಯವಾಗಿ 34 ಇಂಚು, ಅಂದರೆ ಸುಮಾರು 86 ಸೆಂ.ಮೀ. ನಿಂತು ಹೆಚ್ಚುವ ಕಟ್ಟೆ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿದ್ದರೆ ಭುಜ ನೋಯುವುದಿಲ್ಲ, 145 ಸೆಂ.ಮೀ. ಎತ್ತರದ ಹೆಂಗಸಿಗೆ 80 ಸಾಕು. ಅದರ ಮೇಲೆ ಗ್ಯಾಸ್ ಒಲೆ, ಅದರ ಮೇಲೆ ಪಾತ್ರೆ ಇಟ್ಟರೆ ಸೌಟು ಆಡಿಸಬೇಕಾದ ಜಾಗ ಇನ್ನೊಂದು ಅಡಿ ಮೇಲೇರುತ್ತದೆ. ಎಷ್ಟೋ ಮನೆಗಳಲ್ಲಿ ದಿನಕ್ಕೆರಡು ಹೊತ್ತು ಆ ಕಟ್ಟೆಯ ಮುಂದೆ ನಿಲ್ಲುವವರು ಅಡುಗೆಗೆ ಬರುವ ಅಕ್ಕ, ಮನೆಯವರಲ್ಲ. ಅಳತೆ ತೆಗೆಯುವವರು ಮಾತ್ರ ಬರುವುದು ಭಾನುವಾರ, ಸಾಹೇಬರು ಮನೆಯಲ್ಲಿರುವ ದಿನ. ಅಂದು ಆಕೆಗೆ ರಜೆ.