ಉಪಕಾರ: ದಾನವೋ, ಸಾಲವೋ, ಕರವೋ?

ಕಳೆದ ಮಾರ್ಗಶಿರ ಮಾಸದಲ್ಲಿ ನಮ್ಮ ತೀರ್ಥರೂಪರ ಶ್ರಾದ್ಧವನ್ನು ಇಲ್ಲಿಯ ಮಠದಲ್ಲಿ ನೆರವೇರಿಸಿದೆವು. ಅದರ ಮರುದಿನ ಸಿಕಂದರಾಬಾದಿನ ನಮ್ಮ ಮನೆಗೆ ಅಪರಿಚಿತ ಮಹಿಳೆಯೊಬ್ಬರು ಬಂದರು. ವಯಸ್ಸು ಐವತ್ತರ ಆಸುಪಾಸು, ಮಾತು ತೆಲುಗು. ಗೋಡೆಯ ಮೇಲಿದ್ದ ತಂದೆಯವರ ಭಾವಚಿತ್ರಕ್ಕೆ ಕೈಮುಗಿದು, ಒಂದು ಲಕೋಟೆಯನ್ನು ನನ್ನ ಮುಂದಿಟ್ಟರು. ಅದರಲ್ಲಿ 20,000 ರೂಪಾಯಿಗಳಿದ್ದವು. "ಸುಬೇದಾರ್ ಸಾಹೇಬರು ನಮಗಾಗಿ ಮಾಡಿದ ರೈಲಿನ ಖರ್ಚು ಹಾಗೆಯೇ ಉಳಿದಿದೆ, ತೀರಿಸಿಬಿಡು ಎಂದು ಅಮ್ಮ ಸಾಯುವ ಮುಂಚೆ ಹೇಳಿದ್ದಳು" ಎಂದರು.

ಆ ಹಣವನ್ನು ತೆಗೆದುಕೊಳ್ಳುವುದು ಸರಿಯಲ್ಲವೆಂದು ನನಗೆ ಆ ಕ್ಷಣದಲ್ಲಿಯೇ ಅನ್ನಿಸಿತು. ಆದರೆ ಏಕೆ ಸರಿಯಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ತಂದೆಯವರ ಜೀವನವನ್ನೇ ಮತ್ತೊಮ್ಮೆ ಅವಲೋಕಿಸಬೇಕಾಯಿತು. ಆ ವಿಚಾರವನ್ನು ಆಸ್ತಿಕ ಬಂಧುಗಳ ಮುಂದಿಡುತ್ತಿದ್ದೇನೆ.

ತಂದೆಯವರು ರಾಯಚೂರು ಸೀಮೆಯ ಒಂದು ಹಳ್ಳಿಯಿಂದ ಬಂದವರು. 1951ರಲ್ಲಿ, ಹದಿನೆಂಟು ತುಂಬಿದೊಡನೆ, ಬೆಂಗಳೂರಿನಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪ್ ಸೇರಿದರು. ಜನರು ಮದ್ರಾಸ್ ಸ್ಯಾಪರ್ಸ್ ಎನ್ನುವುದು ಇದನ್ನೇ. ವೈದಿಕ ಮನೆತನದ ಹುಡುಗ ಸೈನ್ಯ ಸೇರಿದನೆಂದು ಊರಿನಲ್ಲಿ ಆಕ್ಷೇಪಣೆಗಳೆದ್ದವು. ಅವರು ಆಚಾರವನ್ನು ಬಿಡಲಿಲ್ಲ. ಮಡಿಗೆ ನೀರಿಲ್ಲದ ಕಡೆ ಮನಸ್ಸಿನಲ್ಲಿಯೇ ಅರ್ಘ್ಯ ಕೊಟ್ಟರು, ಏಕಾದಶಿಯಂದು ತಮ್ಮ ಪಾಲಿನ ಊಟವನ್ನು ಪಕ್ಕದವರಿಗೆ ದಾಟಿಸಿದರು.

ಯುದ್ಧದ ವಿಷಯವನ್ನು ಅವರು ಹೆಚ್ಚು ಆಡುತ್ತಿರಲಿಲ್ಲ. 1971ರ ಡಿಸೆಂಬರಿನಲ್ಲಿ ಶಕರಗಢ ವಲಯದ ಬಸಂತರ್ ನದಿಯ ಬಳಿ ನಮ್ಮ ಟ್ಯಾಂಕುಗಳು ಮುಂದೆ ಸಾಗಬೇಕಾದರೆ ಶತ್ರುವು ನೆಲಬಾಂಬು ಹೂತಿಟ್ಟ ಬಯಲಿನಲ್ಲಿ ದಾರಿ ಮಾಡಬೇಕಾಗಿತ್ತು. ಅದು ಇಂಜಿನಿಯರ್ ಪಡೆಯವರ ಕೆಲಸ. ಅಮಾವಾಸ್ಯೆ ಸಮೀಪಿಸಿದ್ದ ಕತ್ತಲೆಯ ರಾತ್ರಿಗಳು. ಶೋಧಿಸಿ ತೆರವು ಮಾಡಿದ ದಾರಿಯ ಎರಡೂ ಬದಿಗೆ ಬಿಳಿಯ ಪಟ್ಟಿ ಎಳೆಯಬೇಕು. ಹಿಂದಿನಿಂದ ಬರುವವರು ಅದರ ನಡುವೆ ಹಾದುಹೋಗುತ್ತಾರೆ. "ದಾಟಿದವರು ತಿರುಗಿ ನೋಡಿ ನಮಸ್ಕಾರ ಹೇಳಬೇಕೆಂದು ಕಾದು ನಿಂತರೆ ಹೇಗಪ್ಪಾ? ಅವರು ದಾಟಿದರೆ ನಮ್ಮ ಕೆಲಸ ಮುಗಿಯಿತು" ಎಂದು ಒಮ್ಮೆ ಮಾತ್ರ ಹೇಳಿದ್ದರು.

1976ರಲ್ಲಿ ಸುಬೇದಾರರಾಗಿ ನಿವೃತ್ತರಾಗಿ ಸಿಕಂದರಾಬಾದಿನಲ್ಲಿ ನೆಲೆಸಿದ ಮೇಲೂ ಅವರು ಮಾಡಿದ್ದು ಅದೇ ಕೆಲಸ. ಬೆಳಿಗ್ಗೆ ದೇವರ ಪೂಜೆ, ಪಾರಾಯಣ; ಮಧ್ಯಾಹ್ನ ಊಟವಾದ ಮೇಲೆ ಸೈನಿಕರ ವಿಧವೆಯರ ಕಾಗದಪತ್ರ. ಗಂಡನ ಸೇವಾದಾಖಲೆಯಲ್ಲಿ ಹೆಂಡತಿಯ ಹೆಸರು ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ. ಒಂದಕ್ಷರದ ಈ ವ್ಯತ್ಯಾಸಕ್ಕೆ ಕುಟುಂಬ ಪಿಂಚಣಿ ವರ್ಷಾನುಗಟ್ಟಲೆ ನಿಲ್ಲುತ್ತಿತ್ತು. ತಂದೆಯವರು ಅರ್ಜಿ ಬರೆದು, ಪ್ರಮಾಣಪತ್ರ ಮಾಡಿಸಿ, ಅಗತ್ಯವಿದ್ದರೆ ತಾವೇ ರೈಲು ಹತ್ತುತ್ತಿದ್ದರು. ಟಿಕೆಟ್ಟು ಅವರ ಪಿಂಚಣಿಯಿಂದ. ನಾನು ರೈಲ್ವೆ ಅಧಿಕಾರಿಯಾದ ಮೇಲೆ, "ಒಂದು ಮಾತು ಹೇಳಿದರೆ ನಿಮಗೆ ಸೀಟು ಸಿಗುತ್ತದೆ" ಎಂದೆ. "ಇಲಾಖೆಯ ಸೊತ್ತಿನಿಂದ ನಾನು ಪುಣ್ಯ ಮಾಡುವುದೇ?" ಎಂದು ನಕ್ಕು ಸರದಿಯಲ್ಲಿ ಹೋಗಿ ನಿಂತರು.

ಇಷ್ಟೇ ಬರೆದು ನಿಲ್ಲಿಸಿದರೆ ಇದು ಮಗನು ಮಾಡಿದ ಸ್ತುತಿಯಾದೀತು. ಆದ್ದರಿಂದ 1989ರ ಸಂಗತಿಯನ್ನೂ ಹೇಳಲೇಬೇಕು. ಆಗ ನಾನು ಸೊಲ್ಲಾಪುರದಲ್ಲಿದ್ದೆ. ತಾಯಿಯವರಿಗೆ ವಿಷಮಶೀತಜ್ವರ. ಅದೇ ವಾರ ಈ ಮಹಿಳೆಯ ತಾಯಿಯ ಕಡತ ಎರಡು ರಾತ್ರಿ ಪ್ರಯಾಣದಷ್ಟು ದೂರದ ಕಚೇರಿಯೊಂದರಲ್ಲಿ ವಿಚಾರಣೆಗೆ ಬಂದಿತ್ತು. ತಂದೆಯವರು ಔಷಧ ತಂದಿಟ್ಟು ಹೊರಟುಹೋದರು. ಜ್ವರ ಏರಿ, ನೆರೆಯವರು ತಾಯಿಯನ್ನು ಆಸ್ಪತ್ರೆಗೆ ಸೇರಿಸಿದರು. ಆ ಕಡತ ಗೆದ್ದಿತು, ತಾಯಿಯೂ ಬದುಕಿದರು. ಆದರೆ ನಾನು ತಂದೆಯವರ ಮುಖದೆದುರು, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದುಬಿಟ್ಟೆ. ಅವರು ಉತ್ತರಿಸಲಿಲ್ಲ. ಆ ಬಳಿಕ ಎಷ್ಟೋ ತಿಂಗಳು ನಮ್ಮಿಬ್ಬರ ನಡುವೆ ಕ್ಷೇಮಸಮಾಚಾರ ಬಿಟ್ಟು ಬೇರೆ ಮಾತಿರಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಉಪಕಾರವು ಸಾಲವಾದರೆ, ಆಕೆ ತಂದ ಹಣ ನ್ಯಾಯವಾದದ್ದು. ಮಗನಾದ ನಾನು ವಾರಸುದಾರ. ಅದು ದಾನವಾದರೆ, ಹಣ ಹಿಂದಿರುಗುವಂತಿಲ್ಲ. ಹಿಂದಕ್ಕೆ ಏನನ್ನೂ ಬಯಸದೆ, ಕೊಡಬೇಕೆಂಬ ಒಂದೇ ಬುದ್ಧಿಯಿಂದ ಕೊಟ್ಟದ್ದು ಸಾತ್ತ್ವಿಕ ದಾನವೆಂದು ಗೀತೆಯ 17ನೆಯ ಅಧ್ಯಾಯ ತಿಳಿಸುತ್ತದೆ. ಆದರೂ ದಾನದಲ್ಲಿ ಒಂದು ಸೂಕ್ಷ್ಮ ಅಪಾಯವಿದೆ. "ಇದು ನನ್ನದು, ನಾನು ಕೊಟ್ಟೆ" ಎಂಬ ಅಭಿಮಾನ ಕೊಡುವ ಕೈಗೆ ಅಂಟಿಕೊಳ್ಳಬಹುದು.

ಶ್ರೀಮದಾಚಾರ್ಯರು ಗೀತೆಯ ವ್ಯಾಖ್ಯಾನದಲ್ಲಿ ಮೂರನೆಯ ದಾರಿಯೊಂದನ್ನು ತೋರಿದ್ದಾರೆ. ಜನರ ಸೇವೆಯು ಭಗವಂತನಿಗೆ ನಾವು ಸಲ್ಲಿಸಬೇಕಾದ ಕರ ಎಂಬುದು ಅವರ ಅಭಿಪ್ರಾಯ. ಸಂಸ್ಕೃತದಲ್ಲಿ 'ಕರ' ಎಂದರೆ ಕೈಯೂ ಹೌದು, ಕಂದಾಯವೂ ಹೌದು. ಭಗವಂತನೊಬ್ಬನೇ ಸ್ವತಂತ್ರ, ದೇಹ, ವಿದ್ಯೆ, ಹಣ ಎಲ್ಲವೂ ಅವನದು. ಅವನ ರಾಜ್ಯದಲ್ಲಿ ವಾಸವಾಗಿರುವವನು ಕಂದಾಯ ಕಟ್ಟಿದರೆ ಅದು ಔದಾರ್ಯವಲ್ಲ. ಕಂದಾಯ ಕಟ್ಟಿದವನಿಗೆ ಯಾರೂ ಸನ್ಮಾನ ಮಾಡುವುದಿಲ್ಲ. ಮಾಡಲೆಂದು ಅವನು ನಿರೀಕ್ಷಿಸುವುದೂ ಇಲ್ಲ.

ಈ ದೃಷ್ಟಿಯಿಂದ ನೋಡಿದರೆ ತಂದೆಯವರ ನಡತೆ ಸ್ಪಷ್ಟವಾಗುತ್ತದೆ. ಇನ್ನೊಬ್ಬರ ಸೊತ್ತಿನಿಂದ ನಮ್ಮ ಕರವನ್ನು ಕಟ್ಟಲಾಗದು. ಆದ್ದರಿಂದಲೇ ಅವರು ನನ್ನ ಅಧಿಕಾರವನ್ನು ಬಳಸಲಿಲ್ಲ. ಆದರೆ ಅದೇ ನ್ಯಾಯ 1989ರ ಆ ವಾರಕ್ಕೂ ಅನ್ವಯಿಸುತ್ತದೆ. ಅಂದು ಅವರು ಕಟ್ಟಿದ ಕರ ಅವರ ಸ್ವಂತದ್ದಾಗಿರಲಿಲ್ಲ. ತಾಯಿಗೆ ಸಲ್ಲಬೇಕಾದುದರಿಂದ ತೆಗೆದದ್ದಾಗಿತ್ತು. ಸೇವೆಗೆ ಅರ್ಹರಾದ ಜನರಲ್ಲಿ ಮನೆಯವರು ಸೇರುವುದಿಲ್ಲವೆಂದು ಯಾವ ಶಾಸ್ತ್ರವೂ ಹೇಳದು. ಭಕ್ತನೂ ತಪ್ಪಬಹುದು, ಅದನ್ನು ಮುಚ್ಚಿಡುವುದು ಪಿತೃಭಕ್ತಿಯಲ್ಲ.

ಅವರಿಗೆ ಇದು ತಿಳಿಯದೆ ಇರಲಿಲ್ಲ. 2008ರಲ್ಲಿ ಅವರು ಹರಿಪಾದ ಸೇರಿದ ನಂತರ ಅವರ ದಪ್ಪ ಪುಸ್ತಕ ನನ್ನ ಕೈಗೆ ಬಂತು. ಪ್ರತಿ ಪುಟಕ್ಕೂ ಒಂದು ಕುಟುಂಬ: ಸೈನಿಕನ ಹೆಸರು, ನಂಬರು, ದೋಷವೇನು, ಯಾವ ದಿನ ಯಾವ ಪತ್ರ ಹೋಯಿತು, ಫಲವೇನು. ಖರ್ಚಿಗೆ ಕಾಲಮ್ಮೇ ಇಲ್ಲ. ಆದರೆ 1989ರ ಆ ಪುಟದ ಕೆಳಗೆ, ಪೆನ್ಸಿಲಿನಿಂದ, ಎರಡೇ ಶಬ್ದಗಳು: "ಮನೆಯ ಬಾಕಿ." ಅಂದಿನಿಂದ ಕೊನೆಯವರೆಗೂ ತಾಯಿಯವರಿಗೆ ಬೆಳಗಿನ ಕಾಫಿ ಕಾಸಿಕೊಡುತ್ತಿದ್ದವರು ಅವರೇ. ಮುದುಕರ ಹವ್ಯಾಸವೆಂದು ನಾನು ತಿಳಿದಿದ್ದೆ. ಅದು ಬಾಕಿ ತೀರಿಸುವಿಕೆಯೆಂದು ತಿಳಿಯುವ ಹೊತ್ತಿಗೆ ಕ್ಷಮೆ ಕೇಳಲು ಅವರಿರಲಿಲ್ಲ.

ಲಕೋಟೆಯ ವಿಷಯ ನಾನು ತೀರ್ಮಾನಿಸಬೇಕಾಗಿ ಬರಲಿಲ್ಲ. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ, 85ರ ವಯಸ್ಸಿನ ತಾಯಿಯವರು ಹೊರಗೆ ಬಂದು ಆ ಮಹಿಳೆಯ ಕೈಗೆ ಅದನ್ನು ಮರಳಿಸಿ ತೆಲುಗಿನಲ್ಲಿ ಹೇಳಿದರು: "ನಿಮ್ಮ ಓಣಿಯಲ್ಲಿಯೂ ಯಾರಾದರೂ ಇದ್ದೇ ಇರುತ್ತಾರಮ್ಮ, ನೋಡು." ಆಮೇಲೆ ನನ್ನ ಕಡೆ ತಿರುಗಿ, "ಅವರು ಕಟ್ಟೋದು ಕಟ್ಟಿ ಹೋದರು. ಇನ್ನ ನಿನ್ನ ಪಾಳಿ" ಎಂದರು.

ಪರಸ್ಥಳದಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರು ನಿವೃತ್ತರು. ಅರ್ಜಿ ಬರೆಯಬಲ್ಲವರು, ಕಚೇರಿಗಳ ರೀತಿ ಬಲ್ಲವರು. ನವೆಂಬರ್ ಬಂದರೆ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಬೇಕು. 2014ರಿಂದ ಅದನ್ನು ಬೆರಳಚ್ಚಿನಿಂದ ಮನೆಯಲ್ಲಿಯೇ ಕೊಡುವ ಅನುಕೂಲ ಬಂದಿದೆ. ಆದರೆ ದುಡಿದು ಸವೆದ ಬೆರಳುಗಳ ಗುರುತನ್ನು ಯಂತ್ರ ಎಷ್ಟೋ ವೇಳೆ ಒಪ್ಪುವುದಿಲ್ಲ. ಅಂಥವರ ಜೊತೆ ಬ್ಯಾಂಕಿಗೆ ಹೋಗಿ ಒಂದು ಗಂಟೆ ನಿಲ್ಲಲು ಪಾಂಡಿತ್ಯ ಬೇಕಿಲ್ಲ. ಈ ನವೆಂಬರಿನಲ್ಲಿ ನಾನು ಮೂವರೊಡನೆ ಹೋಗಿದ್ದೆ. ತಂದೆಯವರ ಪುಸ್ತಕದಲ್ಲಿ ಇನ್ನೂ ಖಾಲಿ ಪುಟಗಳಿವೆ. ಬರೆಯುವ ಮುಂಚೆ ತಾಯಿಯವರ ಔಷಧಿಯ ವೇಳೆಯಾಯಿತೇ ಎಂದು ಗಡಿಯಾರ ನೋಡಿಕೊಳ್ಳುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.