ಕೊಡದ ಮಾತು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಗಳಲ್ಲಿ ಅಡಿಕೆಯ ಕೊನೆ ಇಳಿಸುವವನಿಗೆ ಕೊನೆಗೌಡನೆಂದು ಹೆಸರು. ಕೊಳೆರೋಗಕ್ಕೆ ಮದ್ದು ಹೊಡೆಯಲು ಆತ ಮಳೆಯಲ್ಲಿಯೂ ಜಾರುವ ಮರವನ್ನೇರುತ್ತಾನೆ. ಈಚೆಗೆ ಫೈಬರ್ ದೋಟಿಗಳು ಬಂದಿವೆ. ಆದರೂ ಮರವೇರುವುದು ನಿಂತಿಲ್ಲ. ಬಿದ್ದವನ ಕುತ್ತಿಗೆಯಲ್ಲಿ ಬೆನ್ನುಹುರಿ ಘಾಸಿಗೊಂಡರೆ ಕೈಕಾಲುಗಳು ಸೋಲುತ್ತವೆ. ಮಿದುಳು ಮಾತ್ರ ಎಂದಿನಂತೆ ಆಜ್ಞೆಯನ್ನು ಹೊರಡಿಸುತ್ತಲೇ ಇರುತ್ತದೆ. ಅದು ಸಾಗುವ ದಾರಿ ಕಡಿದಿರುತ್ತದೆ.

ಆ ಆಜ್ಞೆಯನ್ನು ಮಿದುಳಿನಲ್ಲಿಯೇ ಹಿಡಿದು ಗಣಕಯಂತ್ರಕ್ಕೆ ಮುಟ್ಟಿಸುವ ಪ್ರಯೋಗಗಳು ಅಮೆರಿಕದಲ್ಲಿ ನಡೆದಿವೆ. 2004ರಲ್ಲಿ ಮ್ಯಾಥ್ಯೂ ನೇಗಲ್ ಎಂಬ ತರುಣನ ಮಿದುಳಿನಲ್ಲಿ 96 ವಿದ್ಯುದಗ್ರಗಳ ಪುಟ್ಟ ಫಲಕವನ್ನಿಟ್ಟರು. ಆತ ಕೈಯಾಡಿಸಲು ಮನಸ್ಸು ಮಾಡಿದರೆ ಪರದೆಯ ಮೇಲಿನ ಗುರುತು ಸರಿಯುತ್ತಿತ್ತು. 2024ರಲ್ಲಿ ನ್ಯೂರಾಲಿಂಕ್ ಸಂಸ್ಥೆಯು ನೋಲಂಡ್ ಆರ್ಬಾ ಎಂಬವನಿಗೆ ಇಟ್ಟ ಸಾಧನದಲ್ಲಿ ವಿದ್ಯುದಗ್ರಗಳು 1,024.

ಇಷ್ಟರವರೆಗೆ ಯಾರ ತಕರಾರೂ ಇರಲಾರದು. ಆದರೆ 2025ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ನರರೋಗದಿಂದಲೋ ಪಾರ್ಶ್ವವಾಯುವಿನಿಂದಲೋ ಮಾತು ಕುಂದಿದ್ದ ನಾಲ್ವರು ಮನದೊಳಗೆ ಆಡಿಕೊಂಡ ಮಾತನ್ನು ಯಂತ್ರವು ತಕ್ಕಮಟ್ಟಿಗೆ ಗುರುತಿಸಿತು. ಮನಸ್ಸಿನಲ್ಲಿ ಸುಮ್ಮನೆ ಎಣಿಸಿಕೊಂಡ ಅಂಕಿಗಳ ಸುಳಿವೂ ಅದಕ್ಕೆ ಸಿಕ್ಕಿತು. ಆದುದರಿಂದ ರೋಗಿಯು ಒಂದು ಗುಪ್ತಪದವನ್ನು ನೆನೆದಾಗಲಷ್ಟೇ ಯಂತ್ರವು ತೆರೆದುಕೊಳ್ಳುವಂತೆ ಮಾಡಿ ನೋಡಿದರು. ಇದು ವಿವೇಕದ ಕೆಲಸ.

ಶ್ರಾವಕನ ಅಚೌರ್ಯಾಣುವ್ರತವು ನಿಷೇಧಿಸುವುದು ಅದತ್ತಾದಾನವನ್ನು, ಎಂದರೆ ಕೊಡದುದನ್ನು ತೆಗೆದುಕೊಳ್ಳುವುದನ್ನು. ಹೊಲದ ಪೈರು, ಪೆಟ್ಟಿಗೆಯ ಹಣಗಳಿಗೆ ಬೇಲಿಯೂ ಬೀಗವೂ ಉಂಟು. ಮನದ ಮಾತಿಗೆ ಇದುವರೆಗೆ ತುಟಿಯೇ ಬೀಗವಾಗಿತ್ತು. ಆಡದೆ ಬಿಟ್ಟ ಮಾತು ಆತನ ಸ್ವತ್ತಲ್ಲವೆ?

ಒಪ್ಪಿಗೆಪತ್ರಕ್ಕೆ ರುಜು ಇದೆಯಲ್ಲ ಎನ್ನಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮೈ ಹುಣ್ಣಾಗುವವನು, ಮುಖದ ನೊಣವನ್ನೋಡಿಸಲೂ ಹೆಂಡತಿಯನ್ನು ಕೂಗಬೇಕಾದವನು, ಯಾವ ಕರಾರಿಗೆ ಒಲ್ಲೆನೆಂದಾನು? ಅಡಿಕೆ ವ್ಯಾಪಾರ ಬಲ್ಲವರಿಗೆ ಇದು ಹೊಸತಲ್ಲ. ಸಾಲದಲ್ಲಿ ಮುಳುಗಿದವನಿಗೆ ಮುಂಗಡ ಕೊಟ್ಟು, ಮರದ ಮೇಲಿನ ಫಸಲನ್ನೇ ಅಗ್ಗಕ್ಕೆ ಬರೆಯಿಸಿಕೊಂಡ ಪತ್ರದಲ್ಲಿಯೂ ರುಜು ಇರುತ್ತದೆ. ಅದನ್ನು ನ್ಯಾಯದ ವ್ಯಾಪಾರವೆಂದು ಯಾರೂ ಕರೆಯುವುದಿಲ್ಲ. 1923ರಲ್ಲಿ ಶಿರಸಿಯಲ್ಲಿ ತೋಟಿಗರು ತಮ್ಮದೇ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡುದು ಸುಮ್ಮನಲ್ಲ.

ಯಂತ್ರ ಬೇಡವೆಂಬುದು ಇದರ ಅರ್ಥವಲ್ಲ; ಬಿದ್ದವನಿಗೆ ಅದು ಕೈಯಾಗಬಲ್ಲದು. ಆದರೆ ಗುಪ್ತಪದವು ರೋಗಿಯದೇ ಆಗಿರಲಿ. ಒಮ್ಮೆ ಕೊಟ್ಟ ಒಪ್ಪಿಗೆಯನ್ನು, ಸಾಧನ ಕಳೆದುಕೊಳ್ಳುವ ಭಯವಿಲ್ಲದೆ, ಯಾವ ದಿನವಾದರೂ ಹಿಂದಕ್ಕೆ ಪಡೆಯುವಂತಿರಲಿ. ಸಾಧನವು ಆ ತೋಟಗಳ ಮನೆಗಳನ್ನು ಮುಟ್ಟುವ ಮೊದಲೇ ಈ ಕರಾರು ಬರೆದಾಗಬೇಕು.