ಹಿಡಿತ ಸಡಿಲಿಸುವ ಪಾಠ

ಜೂಡೋ ತರಗತಿಯೊಂದನ್ನು ನೀವು ನೋಡಿದ್ದರೆ ಅಲ್ಲಿಯ ಕಟ್ಟಳೆಯೊಂದನ್ನು ಗಮನಿಸಿರಬಹುದು. ಹಿಡಿತವು ತಾಳಲಾರದಷ್ಟು ಬಿಗಿಯಾದಾಗ ಸಿಕ್ಕಿಕೊಂಡವನು ಅಂಗೈಯಿಂದ ಎರಡು ಬಾರಿ ತಟ್ಟುತ್ತಾನೆ. ಆ ಕ್ಷಣವೇ ಎದುರಾಳಿ ಕೈಬಿಡಬೇಕು. ಪ್ರತಿರೋಧ ತೋರುವ ವ್ಯಕ್ತಿಯನ್ನು ಹತೋಟಿಗೆ ತರುವ ವಿಧಾನಗಳನ್ನು ಅಮೆರಿಕದ ಪೊಲೀಸರು ಕಲಿಯುವಾಗಲೂ ಇದೇ ರೂಢಿಯಿದೆ. ಆ ವಿದ್ಯೆಯನ್ನು ಕಲಿಸುವವರನ್ನು ತಯಾರು ಮಾಡಲು ಅಲ್ಲಿ ಪ್ರತ್ಯೇಕ ಶಿಬಿರಗಳೇ ನಡೆಯುತ್ತವೆ.

ಇಂತಹ ವಿದ್ಯೆಯೇ ಬೇಡವೆನ್ನಲು ನನಗೆ ಮನಸ್ಸಿಲ್ಲ. ಕೈಚಳಕ ತಿಳಿಯದ ಪೇದೆ ಹೆದರುತ್ತಾನೆ. ಹೆದರಿದವನ ಕೈ ಬೇಗನೆ ಲಾಠಿಗೋ ಬಂದೂಕಿಗೋ ಹೋಗುತ್ತದೆ. ಕುಡಿದ ಅಮಲಿನಲ್ಲಿ ಕತ್ತಿ ಬೀಸುವವನನ್ನು ಪ್ರಾಣಹಾನಿಯಿಲ್ಲದೆ ಹಿಡಿಯಬಲ್ಲವನು ಇಬ್ಬರನ್ನೂ ಉಳಿಸುತ್ತಾನೆ. ಆದರೆ ತರಬೇತಿಯ ಚಾಪೆಗೂ ಬೀದಿಗೂ ಒಂದು ಭೇದವಿದೆ. ಬೀದಿಯಲ್ಲಿ ಹಿಡಿತಕ್ಕೆ ಸಿಕ್ಕವನಿಗೆ ತಟ್ಟುವ ಸಂಕೇತ ತಿಳಿಯದು. ತಿಳಿದಿದ್ದರೂ ಅವನ ಕೈಗಳು ಬೆನ್ನ ಹಿಂದೆ ಕೋಳದಲ್ಲಿರುತ್ತವೆ.

ಇದಕ್ಕಿಂತ ಕಠಿಣವಾದ ಸಂಗತಿ ಇನ್ನೊಂದುಂಟು. ಬೋರಲು ಕೆಡವಿ ಬೆನ್ನ ಮೇಲೆ ಭಾರ ಹೇರಿದಾಗ ಎದೆ ಹಿಗ್ಗಲಾರದು, ಉಸಿರು ಸಾಲದು. ಉಸಿರಿಗಾಗಿ ದೇಹ ಒದ್ದಾಡುತ್ತದೆ. ಮೇಲಿರುವವನ ಕಣ್ಣಿಗೆ ಆ ಒದ್ದಾಟ ಪ್ರತಿರೋಧವಾಗಿಯೇ ಕಾಣುತ್ತದೆ. ಅವನು ಇನ್ನಷ್ಟು ಒತ್ತುತ್ತಾನೆ. ಕೋಳ ತೊಡಿಸಿದ ಕೂಡಲೇ ಬಂಧಿತನನ್ನು ಹೊಟ್ಟೆಯ ಮೇಲಿಂದ ಹೊರಳಿಸಬೇಕೆಂದು ಅಮೆರಿಕದ ನ್ಯಾಯ ಇಲಾಖೆಯ ಸೂಚನಾಪತ್ರವೊಂದು 1995ರಲ್ಲಿಯೇ ತಿಳಿಸಿತ್ತು. ಅರಿವಿನ ಕೊರತೆ ಇರಲಿಲ್ಲ.

ಹಾಗಾದರೆ ಕೊರತೆ ಎಲ್ಲಿತ್ತು? 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬವರ ಕುತ್ತಿಗೆಯ ಮೇಲೆ ಡೆರೆಕ್ ಶೋವಿನ್ ಒಂಬತ್ತು ನಿಮಿಷಕ್ಕೂ ಮೀರಿ ಮೊಣಕಾಲೂರಿದ್ದನ್ನು ನೀವು ಬಲ್ಲಿರಿ. ಹೊಸಬರಿಗೆ ಬೀದಿಯಲ್ಲಿ ಕೆಲಸ ಕಲಿಸುವ ಹೊಣೆಯನ್ನು ಇಲಾಖೆ ಆತನಿಗೇ ವಹಿಸಿತ್ತೆಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಅಂದು ಜೊತೆಗಿದ್ದವರಲ್ಲಿ ಇಬ್ಬರು ಕೆಲಸಕ್ಕೆ ಸೇರಿ ಕೆಲವೇ ದಿನಗಳಾಗಿದ್ದ ತರುಣರು. ಅವರಲ್ಲೊಬ್ಬನಾದ ಥಾಮಸ್ ಲೇನ್, ಫ್ಲಾಯ್ಡ್‌ರನ್ನು ಪಕ್ಕಕ್ಕೆ ಹೊರಳಿಸೋಣವೇ ಎಂದು ಎರಡು ಬಾರಿ ಕೇಳಿದ. ಪಾಠ ಅವನಿಗೆ ನೆನಪಿತ್ತು! ಹಿರಿಯನು ಒಪ್ಪಲಿಲ್ಲ, ಕಿರಿಯನು ಸುಮ್ಮನಾದ. ಇನ್ನೊಬ್ಬನು ನಾಡಿ ಸಿಗುತ್ತಿಲ್ಲವೆಂದ ಮೇಲೂ ಮೊಣಕಾಲು ಮೇಲೇಳಲಿಲ್ಲ. 2021ರ ವಿಚಾರಣೆಯಲ್ಲಿ ಅದೇ ಇಲಾಖೆಯ ತರಬೇತುದಾರರು, ನಾವು ಇದನ್ನು ಕಲಿಸಿಲ್ಲವೆಂದು ಸಾಕ್ಷಿ ನುಡಿದರು. ಆ ಮಾತು ನಿಜವಿರಬಹುದು. ಆದರೆ ಆ ಸಂಜೆ ಆ ತರುಣರ ಗುರು ಯಾರು? ತರಗತಿಯಲ್ಲಿ ಹೇಳಿಕೊಟ್ಟವರೋ, ಎದುರಿಗೆ ಮಾಡಿ ತೋರಿಸುತ್ತಿದ್ದವನೋ? 2022ರಲ್ಲಿ ಅವರಿಬ್ಬರನ್ನೂ ನ್ಯಾಯಾಲಯ ತಪ್ಪಿತಸ್ಥರೆಂದಿತು. ಕಲಿಯುವವನೆಂಬ ವಿನಾಯಿತಿ ದೊರೆಯಲಿಲ್ಲ. ದೊರೆಯಬಾರದೆಂದೇ ನನ್ನ ಅನಿಸಿಕೆ. ಆದರೂ ಹಿರಿಯರ ಎದುರು ಬಾಯಿ ತೆರೆಯದಂತೆ ಮಕ್ಕಳನ್ನು ಬೆಳೆಸುವ ನಾವು ಅವರನ್ನು ಸಲೀಸಾಗಿ ಹಳಿಯಲಾರೆವು.

ಈ ಮೌನವನ್ನು ಮುರಿಯಲು ಕಲಿಸಬಹುದೆಂದು ನಂಬಿದವರಲ್ಲಿ ಎರ್ವಿನ್ ಸ್ಟಾಬ್ ಒಬ್ಬರು. ಹಂಗೇರಿಯಲ್ಲಿ ನಾಜಿಗಳ ಯೆಹೂದ್ಯ ಹತ್ಯಾಕಾಂಡದಿಂದ ಬಾಲಕನಾಗಿ ಪಾರಾದ ಈ ಮನೋವಿಜ್ಞಾನಿ, ನೋಡುತ್ತ ನಿಲ್ಲುವವರ ಮನಸ್ಸನ್ನೇ ಜೀವನವಿಡೀ ಅಭ್ಯಸಿಸಿದರು. ಅವರ ಚಿಂತನೆಯ ನೆರವಿನಿಂದ 2016ರಲ್ಲಿ ನ್ಯೂ ಆರ್ಲಿಯನ್ಸ್ ಪೊಲೀಸರು, ಸಹೋದ್ಯೋಗಿಯನ್ನು ತಡೆಯುವ ತರಬೇತಿ ಆರಂಭಿಸಿದರು. 2020ರ ನಂತರ ಜಾರ್ಜ್‌ಟೌನ್ ವಿಶ್ವವಿದ್ಯಾಲಯವು ಅದನ್ನು ಇತರ ನಗರಗಳಿಗೂ ಒಯ್ದಿತು. ಅದರಲ್ಲಿ ತಡೆಯುವ ಕೆಲಸಕ್ಕೆ ಮೆಟ್ಟಿಲುಗಳಿವೆ. ಮೊದಲು ಪ್ರಶ್ನೆ ಕೇಳುವುದು, ಬಳಿಕ ಎಚ್ಚರಿಸುವುದು, ಆಮೇಲೆ ನೇರವಾಗಿ ವಿರೋಧಿಸುವುದು, ಕೊನೆಗೆ ಕೈಹಾಕಿ ತಡೆಯುವುದು.

ಲೇನ್ ಮೊದಲ ಮೆಟ್ಟಿಲನ್ನು ಎರಡು ಬಾರಿ ಹತ್ತಿದ್ದ.